ಹೆಲ್ಮೆಟ್ ಇಲ್ಲದ ಸೈಕಲ್ ಸವಾರರಿಗೆ ಪೊಲೀಸರು ದಂಡ ಹಾಕಬಹುದೇ?

ಹಾಕುವಂತಿಲ್ಲ. ಹೆಲ್ಮೆಟ್ ಕಡ್ಡಾಯ ಮಾಡಿರುವುದು 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ, ಅದು ಬೈಕು-ಸ್ಕೂಟರುಗಳಿಗೆ. ಪೆಡಲ್ ತುಳಿದು ಓಡಿಸುವ ಸೈಕಲ್ಲು ಈ ಕಾಯ್ದೆಯ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ಹಾಗಾಗಿ ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಕೇಳುವುದಕ್ಕೂ ಆಧಾರವಿಲ್ಲ. (ತಲೆ ನಮ್ಮದೇ ಆದ್ದರಿಂದ ನಾನಂತೂ ಹಾಕಿಕೊಳ್ಳುತ್ತೇನೆ, ಅದು ಬೇರೆ ಮಾತು.)

ಪೇದೆಗಳಿಗೆ ನಿಜಕ್ಕೂ ಗೊಂದಲವಾಗುವುದು ಬ್ಯಾಟರಿ ಸೈಕಲ್ ಕಂಡಾಗ. ನೋಡಲು ಸ್ಕೂಟರಿನಂತಿದ್ದರೆ ಕೇಳುವುದೇ ಬೇಡ! ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇವಕ್ಕೆ ವಿನಾಯಿತಿ ಇದೆ: ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು ಎಂಬುದು ಮುಖ್ಯ ಷರತ್ತು. ಕಂಪನಿ ಕೊಟ್ಟ ಪ್ರಮಾಣಪತ್ರದ ಫೋಟೊ ಮೊಬೈಲಿನಲ್ಲಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಆದರೆ ಪ್ರತಿ ಸಲವೂ ತಪ್ಪು ಪೊಲೀಸರದೇ ಅನ್ನಬೇಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳ ಜೊತೆ ಸೈಕಲ್ಲಿಗೂ ನಿಷೇಧವಿದೆ, ಸರ್ವಿಸ್ ರಸ್ತೆಯೇ ಗತಿ. ಅಡ್ಡಾದಿಡ್ಡಿ ಓಡಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಸೈಕಲ್ ಸವಾರರನ್ನೂ ಬಿಡುವುದಿಲ್ಲ.

ತಡೆದಾಗ ಕೂಗಾಡದೆ, "ಸರ್, ಯಾವ ಕಲಂ? ಚಲನ್‌ನಲ್ಲಿ ಬರೆದುಕೊಡಿ" ಎಂದಷ್ಟೇ ಕೇಳಿ.