ಮೊದಲು ಅವ್ವನ ರಕ್ತ, ಆಮೇಲೆ ನಿನ್ನದು

ಸಿಂಧನೂರಿನ ತಂಗಿ,

ನಿನಗೆ 29. ಗಂಗಾವತಿಯಲ್ಲಿರುವ ಅವ್ವನಿಗೆ 41ನೇ ವಯಸ್ಸಿಗೆ ಸ್ತನ ಕ್ಯಾನ್ಸರ್ ಆಯಿತು. ಆಪರೇಷನ್, ಕೀಮೋ ಎಲ್ಲ ಮುಗಿದು ಈಗ ಆರಾಮ ಇದ್ದಾರೆ. ಅವ್ವನ ತಾಯಿ ಐವತ್ತು ತುಂಬುವ ಮೊದಲೇ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಹೋದರು. ನಿನಗೊಬ್ಬ ಮಗನಿದ್ದಾನೆ, ಇನ್ನೊಂದು ಮಗುವಿನ ಆಸೆಯಿದೆ. ನಿನ್ನ ತಂಗಿಯ ಲಗ್ನ ಗೊತ್ತಾಗಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಜೆನೆಟಿಕ್ ಟೆಸ್ಟ್ ಪ್ಯಾಕೇಜ್‌ಗೆ ಹೆಸರು ಬರೆಸಿದ್ದೀಯ, ಸೋಮವಾರ ಬರುತ್ತಾರೆ. ನಿಮ್ಮ ಸೋದರತ್ತೆ ಮಾತ್ರ, "ಸುದ್ದಿ ಹೊರಗೆ ಬಿದ್ದರೆ ಲಗ್ನ ನಿಲ್ಲುತ್ತದೆ, ಹೆಂಗಸರ ಕಡೆಯ ರೋಗ ಹೆಂಗಸರಲ್ಲೇ ಇರಲಿ" ಎಂದು ಹಟ ಹಿಡಿದಿದ್ದಾರೆ. ಮಾಡಿಸಲೋ ಬೇಡವೋ ಎಂಬುದು ನಿನ್ನ ಪ್ರಶ್ನೆ.

ಪತ್ರದ ತುದಿಯಲ್ಲಿ ಒಂದು ಸಾಲು ಬರೆದು ಬಿಟ್ಟಿದ್ದೀಯ: "ನಮ್ಮ ಮನೆಯವರು ಬೇರೆಯವರಲ್ಲ, ಅವ್ವನ ಖಾಸಾ ತಮ್ಮ." ತಂಗಿ, ಇಡೀ ಪತ್ರದಲ್ಲಿ ಮುಖ್ಯವಾದ ಸಾಲು ಅದೇ.

ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋದರೆ ಮೊದಲು ಮೂರು ತಲೆಮಾರಿನ ವಂಶವೃಕ್ಷ ಬರೆಯುತ್ತಾರೆ. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ಗಂಡಹೆಂಡತಿಯ ನಡುವೆ ಒಂದು ಗೆರೆ. ರಕ್ತಸಂಬಂಧದಲ್ಲಿ ಲಗ್ನವಾಗಿದ್ದರೆ ಎರಡು ಗೆರೆ. ನಿಮ್ಮಿಬ್ಬರ ನಡುವೆ ಎರಡು ಗೆರೆ ಬರುತ್ತದೆ. ಸೋದರಮಾವನನ್ನು ಮದುವೆಯಾದದ್ದರಿಂದ ಕ್ಯಾನ್ಸರ್ ಬರುವುದಿಲ್ಲ, ಆ ಭಯ ಬೇಡ. ಆದರೆ ಅವ್ವನಲ್ಲಿ ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನಿನ ದೋಷ (ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವಂಥದು) ಇದ್ದರೆ, ಅದು ಬಂದಿರುವುದು ನಿನ್ನ ಅಜ್ಜನಿಂದ ಇಲ್ಲವೆ ಅಜ್ಜಿಯಿಂದ. ನಿನ್ನ ಗಂಡ ಅವರದೇ ಮಗ. ದೋಷ ಇರುವವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಾಧ್ಯತೆ ನೂರಕ್ಕೆ 50. ಅಂದರೆ ನಿನಗೂ 50, ನಿನ್ನ ಗಂಡನಿಗೂ 50. ನಿನ್ನಲ್ಲಿ ಇಲ್ಲವೆಂದು ಬಂದರೂ ಅವರ ಕಡೆಯಿಂದ ಮಗುವಿಗೆ ಹೋಗಬಹುದು. ಇಬ್ಬರಲ್ಲೂ ಬಿಆರ್‌ಸಿಎ2 ದೋಷವಿದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಕಡೆಯಿಂದ ಬಂದು, ಫ್ಯಾಂಕೋನಿ ಅನೀಮಿಯಾ ಎಂಬ ಕಠಿಣ ರಕ್ತದ ಕಾಯಿಲೆಯಾಗಬಹುದು. ಎರಡನೇ ಮಗುವಿಗೆ ಮೊದಲೇ ಇದು ಗೊತ್ತಿರಬೇಕು. ಹೆಂಗಸರ ಕಡೆಯ ರೋಗವಂತೆ! ಬಿಆರ್‌ಸಿಎ2 ದೋಷವಿರುವ ಗಂಡಸಿಗೂ ಸ್ತನ ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ನಿಮ್ಮ ಸೋದರತ್ತೆ ಈ ಮನೆಗೆ ಮಾಡುತ್ತಿರುವುದು ಉಪಕಾರವಲ್ಲ.

ಹಾಗಂತ ಸೋಮವಾರ ನೀನು ಕೈ ಚಾಚಬೇಡ. ರೋಗ ಬಂದವರ ರಕ್ತ ಮೊದಲು, ಬರದವರದು ಆಮೇಲೆ. ಅವ್ವನ ಜೀನಿನಲ್ಲಿ ಯಾವ ಜಾಗ ಕೆಟ್ಟಿದೆ ಎಂದು ಗೊತ್ತಿಲ್ಲದೆ ನಿನ್ನದನ್ನು ನೋಡಿದರೆ, "ನೆಗೆಟಿವ್" ಎಂದು ಬಂದರೂ ಅರ್ಥ ಸಿಗುವುದಿಲ್ಲ. ನಿನಗೆ ದೋಷ ಬಂದಿಲ್ಲವೋ, ಆ ಟೆಸ್ಟ್ ಹುಡುಕದ ಜಾಗದಲ್ಲಿ ಇದೆಯೋ ಹೇಳಲಾಗದು. ಸುಳ್ಳು ನೆಮ್ಮದಿಯಲ್ಲಿ ಹತ್ತು ವರ್ಷ ಕಳೆದುಹೋಗುತ್ತದೆ. ಅವ್ವನಲ್ಲಿ ಸಿಕ್ಕರೆ ನಿಮಗೆಲ್ಲ ಅದೊಂದೇ ಜಾಗ ನೋಡಿದರೆ ಸಾಕು, ಖರ್ಚೂ ಬಹಳ ಕಡಿಮೆ. ಕೀಮೋ ಆದವರ ರಕ್ತ ನಡೆಯುವುದಿಲ್ಲ ಎಂದು ಯಾರೋ ಹೇಳಿದ್ದು ತಪ್ಪು. ಹುಟ್ಟಿನಿಂದ ಬಂದ ಜೀನು ಕೀಮೋದಿಂದ ಬದಲಾಗುವುದಿಲ್ಲ.

ಅವ್ವನ ಬಯಾಪ್ಸಿ ವರದಿಯಲ್ಲಿ "ಇಆರ್, ಪಿಆರ್, ಹರ್2 ಮೂರೂ ನೆಗೆಟಿವ್ ಇದೆ, ಅಂದಮೇಲೆ ಚಿಂತೆಯಿಲ್ಲ" ಎಂದು ಬರೆದಿದ್ದೀಯ. ಅದರ ಅರ್ಥ ಬೇರೆ: ಇವು ಗಡ್ಡೆಯಲ್ಲಿ ಹುಡುಕುವ ಮೂರು ಗುರುತು, ಜೀನಿನ ಟೆಸ್ಟ್ ಅಲ್ಲ. ಮೂರೂ ನೆಗೆಟಿವ್ ಇರುವ ಗಡ್ಡೆ ಸಣ್ಣ ವಯಸ್ಸಿಗೆ ಬಂದರೆ ಬಿಆರ್‌ಸಿಎ1 ಸಂಶಯ ಹೆಚ್ಚುತ್ತದೆ. ಟೆಸ್ಟ್ ಮಾಡಿಸಲು ಅದೊಂದೇ ಕಾರಣ ಸಾಕು. ಅಜ್ಜಿಯ ಹೊಟ್ಟೆಯ ನೀರು ಅಂಡಾಶಯದ ಕ್ಯಾನ್ಸರಿನದೂ ಆಗಿರಬಹುದು, ಹಳೆಯ ಸ್ಕ್ಯಾನಿಂಗ್ ಚೀಟಿ ಇದ್ದರೆ ಹುಡುಕು. ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಸಾಲದು: ಆಸ್ಪತ್ರೆಯ ಕಾಗದಗಳನ್ನು ಹೊಲದ ಪಹಣಿಯಂತೆ ಜೋಪಾನ ಮಾಡಿ.

ಅವ್ವನಿಗೆ ಚಿಕಿತ್ಸೆ ಕೊಟ್ಟ ಕ್ಯಾನ್ಸರ್ ವೈದ್ಯರಿಂದಲೇ ಚೀಟಿ ಬರೆಸು. ಎರಡೂ ಜೀನು ಪೂರ್ತಿ ಓದಬೇಕು, ಜೀನಿನ ದೊಡ್ಡ ತುಂಡು ಬಿಟ್ಟುಹೋಗಿದೆಯೇ ಎಂದು ಎಂಎಲ್‌ಪಿಎ ವಿಧಾನದಲ್ಲೂ ನೋಡಬೇಕು ಎಂದು ಕೇಳಿಕೊ. ಅಗ್ಗದ ಪ್ಯಾಕೇಜುಗಳಲ್ಲಿ ಇದೇ ತಪ್ಪಿಹೋಗುವುದು. ಕೆಲವು ಮಿಲಿಲೀಟರ್ ರಕ್ತ ಸಾಕು, ವರದಿಗೆ ಕೆಲವು ವಾರ. "ವಿಯುಎಸ್" ಎಂದು ಬಂದರೆ ಅರ್ಥ ಇನ್ನೂ ತಿಳಿಯದ ಬದಲಾವಣೆ ಎಂದಷ್ಟೆ. ಅದನ್ನು ಹಿಡಿದು ಯಾರೂ ಆಪರೇಷನ್ನಿಗೆ ಹೋಗಬಾರದು.

ದೋಷ ನಿನ್ನಲ್ಲೂ ಇದ್ದರೆ? 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಸುಮಾರು 70. ಆದರೆ ದಾರಿಯಿದೆ. 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಜೊತೆಗೆ ಮ್ಯಾಮೊಗ್ರಾಂ. ಅಂಡಾಶಯಕ್ಕೆ ನಂಬಬಹುದಾದ ತಪಾಸಣೆ ಇಲ್ಲದ್ದರಿಂದ, ಮಕ್ಕಳಾದ ಮೇಲೆ ಬಿಆರ್‌ಸಿಎ1ಗೆ 35ರಿಂದ 40ರೊಳಗೆ, ಬಿಆರ್‌ಸಿಎ2ಗೆ 40ರಿಂದ 45ರೊಳಗೆ ಅಂಡಾಶಯ, ಅಂಡನಾಳ ತೆಗೆಸುವ ಸಲಹೆ ಕೊಡುತ್ತಾರೆ. ಸ್ತನ ತೆಗೆಸುವುದು ನಿನ್ನ ಇಷ್ಟ, ಕಡ್ಡಾಯವಲ್ಲ. ಮಗನಿಗೆ 18 ತುಂಬುವವರೆಗೆ ಈ ಟೆಸ್ಟ್ ಬೇಡ. ನಿನ್ನ ತಂಗಿಯ ಮಾತು ಅವಳೇ ತೀರ್ಮಾನಿಸಲಿ, ಲಗ್ನ ಮುಗಿಸಿಕೊಂಡು ಮಾಡಿಸಿದರೂ ನಡೆಯುತ್ತದೆ.

ಸೋಮವಾರ ಬರುವ ಹುಡುಗನಿಗೆ ಇವತ್ತೇ ಫೋನ್ ಮಾಡಿ ಬೇಡ ಎನ್ನು. ಆಮೇಲೆ ಗಂಡನನ್ನು ಕರೆದುಕೊಂಡು ಗಂಗಾವತಿಗೆ ಹೋಗು. ಅಕ್ಕನನ್ನು ಒಪ್ಪಿಸುವುದು ತಮ್ಮನಿಗೆ ನಿನಗಿಂತ ಸುಲಭ.