ಬೈಲುಕುಪ್ಪೆಯ ಗೆಳತಿ ಯಾಕೆ ‘ನಾನು ಇಲ್ಲಿಯವಳಲ್ಲ’ ಅಂತಾಳೆ?

ನಿಮ್ಮ ಕಾಲೇಜಿನ ಟಿಬೆಟನ್ ಗೆಳತಿ ಅಚ್ಚ ಕನ್ನಡ ಮಾತಾಡ್ತಾಳೆ, ಆದರೂ ‘ನಾನು ಇಲ್ಲಿಯವಳಲ್ಲ’ ಅಂತಾಳೆ, ಯಾಕೆ ಅಂತ ಕೇಳಿದ್ದೀರಿ. ನಾನು ಬೈಲುಕುಪ್ಪೆ ಪಕ್ಕದ ಪಿರಿಯಾಪಟ್ಟಣದ ಕಡೆಯವನು, ನನ್ನ ಜೊತೆ ಓದಿದವರಲ್ಲೂ ಇಂಥವರಿದ್ದರು.

ಮೊದಲು ಕಾಗದದ ವಿಷಯ. 1959ರಲ್ಲಿ ಟಿಬೆಟ್‌ನ ರಾಜಧಾನಿ ಲಾಸಾದ ದಂಗೆಯನ್ನ ಚೀನಾ ಅಡಗಿಸಿದ ಮೇಲೆ ಓಡಿಬಂದ ಟಿಬೆಟನ್ನರಿಗೆ ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಕಾಡು ಜಮೀನು ಕೊಟ್ಟಿತು. ಅವರ ಮೊಮ್ಮಕ್ಕಳು ಇಲ್ಲೇ ಹುಟ್ಟಿದ್ದರೂ ಹಲವರ ಕೈಲಿರೋದು ವಿದೇಶಿಯರ ನೋಂದಣಿ ಪತ್ರ. ಅದನ್ನ ಆಗಾಗ ನವೀಕರಿಸ್ತಿರಬೇಕು. ಹೊರದೇಶಕ್ಕೆ ಹೋಗೋಕೆ ಹಳದಿ ರಟ್ಟಿನ ಗುರುತು ಪುಸ್ತಕ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತೀಯರೇ. ಆದರೂ ಎಷ್ಟೋ ಜನ ಪಾಸ್‌ಪೋರ್ಟ್ ಕೇಳೋದಿಲ್ಲ. ತೆಗೆದುಕೊಂಡರೆ ಟಿಬೆಟ್‌ಗೆ ಮರಳೋ ಆಸೆ ಬಿಟ್ಟಹಾಗೆ ಅನ್ನೋ ಅಳುಕು.

ನನ್ನ ಗೆಳೆಯ ಕುಶಾಲನಗರದ ಸಂತೆಯಲ್ಲಿ ‘ಏನಣ್ಣ, ಕೊತ್ತಂಬರಿಗೆ ಇಷ್ಟೊಂದಾ?’ ಅಂತ ಚೌಕಾಸಿ ಮಾಡ್ತಿದ್ದ. ಮನೆಗೆ ಬಂದರೆ ಅಜ್ಜಿಯ ಹತ್ತಿರ ಟಿಬೆಟನ್ ಮಾತು, ಉಪ್ಪು-ಬೆಣ್ಣೆ ಚಹಾ. ಚಳಿಗಾಲದಲ್ಲಿ ಅಪ್ಪ-ಅಮ್ಮ ದೂರದ ಊರುಗಳಿಗೆ ಸ್ವೆಟರ್ ಮಾರೋಕೆ ಹೋದರೆ ಅವನಿಗೆ ಅಜ್ಜಿಯೇ ಎಲ್ಲ.

‘ನಿನ್ನೂರು ಯಾವುದು?’ ಅಂತ ನಾನೂ ಒಮ್ಮೆ ದಡ್ಡನ ಹಾಗೆ ಕೇಳಿದ್ದೆ. ‘ಯಾವುದನ್ನ ಹೇಳಲಿ?’ ಅಂದ. ನೀವು ಅದನ್ನ ಕೇಳಬೇಡಿ. ಟಿಬೆಟನ್ನರ ಹೊಸವರ್ಷದ ಲೋಸಾರ್ ಹಬ್ಬಕ್ಕೆ ಕರೆದರೆ ಮಾತ್ರ ಖಂಡಿತ ಹೋಗಿ.