ಸೈಕಾಲಜಿ ಓದಿದವರು ಯುಎಕ್ಸ್ ರಿಸರ್ಚ್‌ಗೆ ಬರಬಹುದಾ?

ಎಂಎ ಸೈಕಾಲಜಿ ಆಗಿದೆ, ಕೋಡಿಂಗ್ ಬರಲ್ಲ, ಯುಎಕ್ಸ್ ರಿಸರ್ಚರ್ ಆಗಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗಬಹುದು. ಯುಎಕ್ಸ್ ಅಂದರೆ ಯೂಸರ್ ಎಕ್ಸ್‌ಪೀರಿಯನ್ಸ್, ಆ್ಯಪ್ ಅಥವಾ ವೆಬ್‌ಸೈಟ್ ಬಳಸುವವರ ಅನುಭವ. ಸ್ಕ್ರೀನ್ ಚೆಂದ ಮಾಡುವುದು ಡಿಸೈನರ್ ಕೆಲಸ. ಜನ ಎಲ್ಲಿ ತಡವರಿಸುತ್ತಾರೆ, ಯಾಕೆ ಅಂತ ಪತ್ತೆ ಮಾಡುವುದು ರಿಸರ್ಚರ್ ಕೆಲಸ.

ಮುಖ್ಯವಾಗಿ ಪ್ರಶ್ನೆ ಕೇಳಲು ಬರಬೇಕು. "ಈ ಆ್ಯಪ್ ಇಷ್ಟ ಆಯ್ತಾ?" ಅಂದರೆ ನಮ್ಮ ಜನ ಮುಲಾಜಿಗೆ "ಹೂಂ, ಚೆನ್ನಾಗಿದೆ" ಅಂದುಬಿಡುತ್ತಾರೆ. "ಕರೆಂಟ್ ಬಿಲ್ ಹೇಗೆ ಕಟ್ತೀರಿ, ತೋರಿಸಿ" ಅನ್ನಿ. ಆಮೇಲೆ ಸುಮ್ನೆ ಕೂತು ನೋಡಿ. ಓಟಿಪಿ ನೋಡಲು ಮೆಸೇಜಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಪೇಜೇ ಮಾಯ. ತಕ್ಷಣ ಮಗನಿಗೆ ಫೋನ್ ಮಾಡುತ್ತಾರೆ. ಇದು ಸರ್ವೇ ಫಾರಂನಲ್ಲಿ ಸಿಗುತ್ತಾ? ಆಗ ನಡುವೆ ಬಾಯಿ ಹಾಕಿ ಸಹಾಯ ಮಾಡದೆ ಇರುವುದೇ ಜಾಸ್ತಿ ಕಷ್ಟ.

ಹೀಗೆ ಕೂತು ನೋಡಲು ಐದು ಜನ ಸಾಕಾ ಅಂತಲೂ ಕೇಳಿದ್ದೀರಿ. ಐವರಿಂದ ಸುಮಾರು 85% ತೊಂದರೆಗಳು ಸಿಗುತ್ತವೆ ಅಂತ ಯುಎಕ್ಸ್ ಪರಿಣತ ಜೇಕಬ್ ನೀಲ್ಸನ್ 2000ರಲ್ಲಿ ಬರೆದದ್ದು ಬಳಕೆಯ ತೊಡಕು ಹುಡುಕುವುದಕ್ಕೆ ಮಾತ್ರ. ನೂರಕ್ಕೆ ಎಷ್ಟು ಜನಕ್ಕೆ ಈ ತೊಂದರೆ ಅಂತ ಹೇಳಬೇಕಾದರೆ ಐವರು ಏನೇನೂ ಸಾಲದು. ಅಲ್ಲಿ ನೀವು ಓದಿದ ಸ್ಟ್ಯಾಟಿಸ್ಟಿಕ್ಸ್ ಕೈ ಹಿಡಿಯುತ್ತದೆ.

ಕೋರ್ಸಿಗೆ ದುಡ್ಡು ಸುರಿಯುವ ಮುಂಚೆ ಯಾವುದಾದರೂ ಆ್ಯಪ್ ಹಿಡಿದು ಪರಿಚಯದವರ ಜೊತೆ ಕೂತು, ಕಂಡದ್ದನ್ನು ಎರಡು ಪುಟ ಬರೆಯಿರಿ. ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಕೇಳಿ. ಇಂಟರ್‌ವ್ಯೂನಲ್ಲಿ ಅದನ್ನೇ ತೋರಿಸಿ.